ಹೂದಾನಿಯಲ್ಲಿಟ್ಟ ಕಿವಿ

ಹೆಂಡತಿಯ ಗುಟ್ಟು ಹಿಡಿಯಲು ಪತ್ತೇದಾರನೇ ಬೇಕೆಂದು ಯಾರು ಹೇಳಿದ್ದು? ನನ್ನ ಎರಡು ಕಿವಿ ಸಾಕು! ಹಾಲಿವುಡ್ಡಿನ ಚಿತ್ರಗಳು ಮಾತು ಕಲಿತ ದಿನದಿಂದ ಧ್ವನಿಮುದ್ರಣ ಮಾಡುತ್ತಿರುವ ಕಿವಿಗಳಿವು. ನಾಯಕಿಯ ರೇಷ್ಮೆ ಲಂಗ ಸರಸರ ಎಂದರೂ ಕೇಳುತ್ತದೆ, ನಾಯಕನ ಹೊಟ್ಟೆ ಗುರ್ ಎಂದರೂ ಕೇಳುತ್ತದೆ. ಓರ್ವಿಲ್ ಪ್ರೌಟಿಗೆ, ಅಂದರೆ ನನಗೆ, ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ಎದೆ ಸೆಟೆಸಿ ಓಡಾಡುತ್ತಿದ್ದೆ.

ನನ್ನ ಹೆಂಡತಿ ಹಾರ್ಟೆನ್ಸ್ ಒಪೆರಾ ಗಾಯಕಿ. ಅವಳು ಬಾಯಿ ತೆರೆದರೆ ಕಿಟಕಿ ಗಾಜಿಗೆ ನಡುಕ. ಈ ಸಲದ ಚಿತ್ರದಲ್ಲಿ ಅವಳು ಹಡಗಿನ ಅಡುಗೆಭಟ್ಟನನ್ನು ಪ್ರೀತಿಸುತ್ತಾಳೆ. ಅವನು ನಿಜಕ್ಕೂ ಯಾವುದೋ ದೇಶದ ರಾಜಕುಮಾರ. ಆ ಭಟ್ಟ-ರಾಜಕುಮಾರನ ಪಾತ್ರಕ್ಕೆ ಇಟಲಿಯ ಗಾಯಕ ಟುಲ್ಲಿಯೊ ಬಂದಿದ್ದ. ಗುಂಗುರು ಕೂದಲು, ಉದ್ದ ರೆಪ್ಪೆ! ಇಂಥವರನ್ನು ಕಂಡರೆ ಗಂಡಂದಿರಿಗೆ ಸುಮ್ಮಸುಮ್ಮನೆ ತಲೆ ಬಿಸಿಯಾಗುತ್ತದೆ. ಆದರೂ ದೊಡ್ಡ ಮನಸ್ಸು ಮಾಡಿ ಭಾನುವಾರ ಊಟಕ್ಕೆ ಕರೆದೆ. ಭಾನುವಾರದ ಸ್ಪಗೆಟಿ, ಅಂದರೆ ಇಟಲಿಯ ಶ್ಯಾವಿಗೆ, ನನ್ನ ಕೈಯದೇ, ಅವತ್ತು ಅಡುಗೆಮನೆಗೆ ಹಾರ್ಟೆನ್ಸಳನ್ನೂ ಬಿಡುವುದಿಲ್ಲ. ಟುಲ್ಲಿಯೊ ಕಣ್ಣಲ್ಲಿ ನೀರು ತುಂಬಿಕೊಂಡು ತಿಂದ. ಪಾಪ, ತವರೂರಿನ ನೆನಪಾಗಿರಬೇಕು ಎಂದುಕೊಂಡು ಇನ್ನಷ್ಟು ಬಡಿಸಿದೆ.

ಮರುದಿನವೇ ನನ್ನ ತಲೆಗೆ ಹುಳ ಹೊಕ್ಕಿತು.

ನಮ್ಮಲ್ಲಿ ಹಾಡನ್ನು ಮೊದಲೇ ಗ್ರಾಮಫೋನ್ ತಟ್ಟೆಯ ಮೇಲೆ ಮುದ್ರಿಸಿಕೊಂಡಿರುತ್ತೇವೆ. ಚಿತ್ರೀಕರಣದಲ್ಲಿ ಆ ತಟ್ಟೆಯನ್ನು ದೊಡ್ಡ ಸ್ಪೀಕರಿನಲ್ಲಿ ಜೋರಾಗಿ ಹಾಕುತ್ತೇವೆ, ಕಲಾವಿದರು ತುಟಿ ಆಡಿಸುತ್ತಾರೆ. ಆಗ ಮೈಕುಗಳೆಲ್ಲ ಬಂದ್, ನನಗೂ ಕೆಲಸವಿಲ್ಲ. ಗಾಜಿನ ಕೋಣೆಯೊಳಗೆ ಕಾಫಿ ಕುಡಿಯುತ್ತ ನೋಡುತ್ತೇನೆ, ಸ್ಪೀಕರು ‘ಬೆಳದಿಂಗಳೇ ಬಾ’ ಎನ್ನುವಾಗ ಟುಲ್ಲಿಯೊನ ತುಟಿ ಬೇರೇನನ್ನೋ ಹೇಳುತ್ತಿದೆ! ಹಾರ್ಟೆನ್ಸ್ ಅವನ ಎದೆಗೊರಗಿ ಉತ್ತರ ಕೊಡುತ್ತಿದ್ದಾಳೆ! ಅಷ್ಟು ಸಾಲದೆಂಬಂತೆ ಅವನ ಜೇಬಿಗೆ ಪುಟ್ಟ ಪೊಟ್ಟಣವೊಂದನ್ನು ಜಾರಿಸಿದಳು. ಕಾಫಿ ನನ್ನ ಪ್ಯಾಂಟಿನ ಮೇಲಾಯಿತು.

ರಾತ್ರಿ ಊಟಕ್ಕೆ ಭಾನುವಾರ ಉಳಿದಿದ್ದ ಸ್ಪಗೆಟಿಯನ್ನೇ ಬಿಸಿ ಮಾಡಿದೆ. ಅವಳು ಅದನ್ನು ತಟ್ಟೆಯ ಅಂಚಿಗೆ ತಳ್ಳುತ್ತ ಕೂತಿದ್ದಳು.

“ಹಾಡು ನಡೀವಾಗ ಆ ಟುಲ್ಲಿಯೊ ಜತೆ ಏನೇ ಅಷ್ಟೊಂದು ಮಾತು?”

“ಹಾಡೋವಾಗ ಹಾಡ್ತಾರೆ, ಮಾತಾಡ್ತಾರೇನೋ? ಸುಮ್ನೆ ತಿನ್ನು.”

“ನೀನ್ಯಾಕೆ ತಿನ್ತಿಲ್ಲ?”

“ಹಸಿವಿಲ್ಲ ಕಣೋ.”

ಹಸಿವಿಲ್ಲವಂತೆ! ಯಾರ ಧ್ಯಾನದಲ್ಲಿ ಹಸಿವು ಸತ್ತಿತು ಎಂದು ನನಗೆ ಗೊತ್ತಿಲ್ಲವೇ? ಹಾರ್ಟೆನ್ಸ್ ಇಲ್ಲದ ಮನೆಯನ್ನು ನೆನೆಸಿಕೊಂಡರೇ ನನಗೆ ಅಳು ಬರುತ್ತಿತ್ತು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಸ್ಟುಡಿಯೋ ಸೇರಿದೆ. ಹಡಗಿನ ಸೆಟ್ಟಿನಲ್ಲಿ ಪ್ರೇಮಿಗಳು ನಿಲ್ಲುವ ಜಾಗದಲ್ಲೇ ಕಾಗದದ ಗುಲಾಬಿ ತುಂಬಿದ ಹೂದಾನಿಯೊಂದಿತ್ತು. ಅದರೊಳಗೆ ಮೈಕೊಂದನ್ನು ಇಳಿಸಿ, ತಂತಿಯನ್ನು ಸ್ಪೀಕರಿಗೇ ಜೋಡಿಸಿದೆ. ಒಬ್ಬನೇ ಕೇಳಿದರೆ ಏನು ಬಂತು? ಸಾಕ್ಷಿಗಳು ಬೇಡವೇ? ನಿರ್ದೇಶಕ ಹ್ಯಾಸ್ಕೆಲ್ ಕೇಳಲಿ, ನೃತ್ಯದ ಹುಡುಗಿಯರು ಕೇಳಲಿ, ಇಡೀ ಕ್ಯಾಲಿಫೋರ್ನಿಯಾ ಕೇಳಲಿ!

ಹಾಡು ಶುರುವಾಯಿತು. ಎರಡನೇ ಚರಣಕ್ಕೆ ತುಟಿಗಳು ದಾರಿ ತಪ್ಪಿದವು. ನಾನು ತಟ್ಟೆಯ ಮೇಲಿನ ಮುಳ್ಳನ್ನು ಎತ್ತಿ, ಹೂದಾನಿಯ ಮೈಕನ್ನು ಪೂರ್ತಿ ತೆರೆದೆ. ಸ್ಪೀಕರು ಕೀ ಎಂದು ಕಿರುಚಿ ಬಾಯಿಬಿಟ್ಟಿತು. ಒಪೆರಾದವರಿಗೆ ಮಾತಿನ ರಭಸದಲ್ಲಿ ಹಾಡು ನಿಂತದ್ದೂ ತಿಳಿಯಲಿಲ್ಲ.

“ಸ್ಪಗೆಟಿಗೆ ಕೆಚಪ್ ಹಾಕ್ತಾನಲ್ಲಮ್ಮ ನಿನ್ ಗಂಡ! ಕೆಚಪ್! ನಮ್ಮಜ್ಜಿ ಕೇಳಿದ್ರೆ ಗೋರಿಯಿಂದ ಎದ್ದು ಬರ್ತಾಳೆ. ಹೊಟ್ಟೆ ಇನ್ನೂ ಉರೀತಿದೆ!”

“ನಿನ್ನೆ ಸೋಡಾ ಪುಡಿ ಕೊಟ್ಟೆನಲ್ಲ, ನೀರಲ್ಲಿ ಕದಡಿ ಕುಡಿ. ಮದ್ವೆಯಾದಾಗಿಂದ ನಾನು ಅದರಲ್ಲೇ ಬದುಕಿರೋದು. ಅವನಿಗೆ ಮಾತ್ರ ಹೇಳ್ಬೇಡ ಮಾರಾಯ, ಪಾಪ, ನೊಂದ್ಕೋತಾನೆ.”

ಕೊನೆಯ ಮಾತು ಸ್ಟುಡಿಯೋದ ಮೂಲೆಮೂಲೆಗೂ ಹೋಗಿ ಬಂತು. ಇಬ್ಬರೂ ಕಲ್ಲಾದರು. ಆಮೇಲೆ ನಿರ್ದೇಶಕ ಹ್ಯಾಸ್ಕೆಲ್ ಕುರ್ಚಿಯಿಂದ ಮೆಲ್ಲಗೆ ಎದ್ದ. ಹೋದ ತಿಂಗಳು ಅವನೂ ನಮ್ಮ ಮನೆಯಲ್ಲಿ ಉಂಡಿದ್ದ.

“ಹಾಗಾದ್ರೆ ಅವತ್ತು ನನ್ನೊಬ್ಬನ ಹೊಟ್ಟೆ ಕೆಟ್ಟಿದ್ದಲ್ಲ!”

“ನಂದೂ ಕೆಟ್ಟಿತ್ತು ಸಾರ್!” ಮೇಲಿನಿಂದ ದೀಪದವನು ಕೂಗಿದ. ನೃತ್ಯದ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

“ಅದ್ಸರಿ, ಹೂದಾನೀಲಿ ಮೈಕ್ ಇಟ್ಟ ಮಹಾನುಭಾವ ಯಾರು?” ಎಂದ ಹ್ಯಾಸ್ಕೆಲ್. ಎಲ್ಲರ ಕಣ್ಣೂ ಗಾಜಿನ ಕೋಣೆಯತ್ತ ತಿರುಗಿತು. ಗಾಜಿನ ಕೋಣೆಯಲ್ಲಿ ಅಡಗಿಕೊಳ್ಳುವುದು ಹೇಗೆ ಎಂದು ಈವರೆಗೆ ಯಾರೂ ಕಂಡುಹಿಡಿದಿಲ್ಲ.

ಹಾರ್ಟೆನ್ಸ್ ನೇರ ಒಳಗೆ ಬಂದಳು.

“ನನ್ ಮೇಲೆ ಅನುಮಾನಾನಾ?”

“ಮತ್ತೆ... ಹಾಡಿನ ಮಧ್ಯ ಯಾಕೆ ಮಾತಾಡ್ಬೇಕಿತ್ತು?”

“ಇನ್ನೆಲ್ಲಿ ಮಾತಾಡ್ಲಿ? ಮನೇಲಿ ಪಿಸುಗುಟ್ಟಿದ್ರೂ ನಿನಗೆ ಕೇಳತ್ತೆ, ಇಲ್ಲಿ ಉಸಿರಾಡಿದ್ರೂ ಕೇಳತ್ತೆ. ಹಾಡು ಹಾಕಿದಾಗ ಮಾತ್ರ ನೀನು ಕಿವುಡ.”

“ಇಷ್ಟು ವರ್ಷ ಬಾಯಿ ಮುಚ್ಕೊಂಡು ತಿಂದ್ಯಾ?”

“ನಾನು ಹಾಡಿದ್ರೆ ನೀನು ಕಣ್ಮುಚ್ಕೊಂಡು ಕೇಳ್ತೀಯಲ್ಲ. ನಾನೂ ಕಣ್ಮುಚ್ಕೊಂಡು ತಿಂದೆ.”

ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಖುಷಿಯೂ ಆಯಿತೆಂಬುದನ್ನು ಯಾಕೆ ಮುಚ್ಚಿಡಲಿ?

ಈಗ ಭಾನುವಾರದ ಅಡುಗೆ ಟುಲ್ಲಿಯೊನದು. ನನಗೆ ಅಡುಗೆಮನೆಯ ಬಾಗಿಲ ತನಕ ಮಾತ್ರ ಪ್ರವೇಶ. ಮೊನ್ನೆ ಅವನ ಸ್ಪಗೆಟಿ ಬಾಯಿಗಿಟ್ಟರೆ, ನಿಮ್ಮಲ್ಲಿ ಹೇಳುತ್ತೇನೆ, ಬರೀ ಸಪ್ಪೆ! ಅವನೂ ಹಾರ್ಟೆನ್ಸಳೂ ಒಳಕೋಣೆಯಲ್ಲಿ ಪಿಯಾನೋ ನುಡಿಸುತ್ತ ಗಟ್ಟಿಯಾಗಿ ಹಾಡುತ್ತಿದ್ದರು. ಇದೇ ಸಮಯವೆಂದು ಕೆಚಪ್ ಬಾಟಲಿಯ ಮುಚ್ಚಳವನ್ನು ಒಂದೇ ಒಂದು ಸುತ್ತು ತಿರುಗಿಸಿದೆ.

ಹಾಡು ನಿಂತಿತು.

“ಓರ್ವಿಲ್, ಮುಚ್ಚು ಅದನ್ನ! ಕಿವಿ ಇರೋದು ನಿನಗೊಬ್ಬನಿಗೇ ಅಂದ್ಕೊಂಡ್ಯಾ?”