ಹಾಂ, ಅದೇ, ಉತ್ತರ ಕರ್ನಾಟಕ

ಟಿಟಿಟೀ, ಟೀಟೀ, ಟಿಟಿಟೀ. ಆಗಿನ ಮೊಬೈಲುಗಳಿಗೆ ಮೆಸೇಜು ಬಂದಾಗ ಆಗುತ್ತಿದ್ದ ಈ ಸದ್ದು ನೆನಪಾದರೆ ಜೊತೆಗೆ ಶಾಂತಾ ವೈನಿಯೂ ನೆನಪಾಗುತ್ತಾಳೆ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅವಳು ಕಾಳಿ ನದಿಯ ಆಚೆ ಸದಾಶಿವಗಡದಲ್ಲಿ, ನಾನು ಈಚೆ ಕಾರವಾರದಲ್ಲಿ. ನಡುವಿನ ಸೇತುವೆ ಗಟ್ಟಿಯಾಗಿತ್ತು. ರಿಲೇಶನ್ಸ್ ಮಾತ್ರ ಸ್ಟ್ರೇನ್ಡ್ ಆಗಿದ್ದವು.

ಕಾರಣ ಒಂದು ವೆಡ್ಡಿಂಗ್ ಕಾರ್ಡು. ಅವಳ ಮಗನ ಮದುವೆಯ ಕರೆಯೋಲೆ ಮರಾಠಿಯಲ್ಲೇ ಇರಬೇಕೆಂದು ಅವಳು, ಕನ್ನಡದಲ್ಲೇ ಇರಬೇಕೆಂದು ನಾನು. ಜಗಳವಾಡಿದ್ದು ಕೊಂಕಣಿಯಲ್ಲಿ, ಅದರಲ್ಲೇ ಅಚ್ಚು ಹಾಕಿಸಬಹುದಿತ್ತೆಂದು ಇಬ್ಬರಿಗೂ ಹೊಳೆಯಲಿಲ್ಲ. ಅಣ್ಣ ಬೇಸತ್ತು ಇಂಗ್ಲಿಷಿನಲ್ಲಿ ಹಾಕಿಸಿದ. ಕಾನ್ವೆಂಟಿನಲ್ಲಿ ಓದಿದವಳೆಂದು ಪ್ರೂಫ್ ತಿದ್ದುವ ಕೆಲಸ ನನಗೆ ಬಂತು. ಅಲ್ಲಿಗೆ ವೈನಿ, ಇನ್ನು ನಿನ್ನ ಹೊಸಿಲು ತುಳಿಯುವುದಿಲ್ಲ ಎಂದುಬಿಟ್ಟಳು.

ಹೀಗಿರುವಾಗ ಟಿವಿಯ ಕನ್ನಡ ಹಾಡಿನ ಸ್ಪರ್ಧೆಗೆ ಇಲ್ಲೇ ಕಾರವಾರದ ಹತ್ತಿರದ ಹಣಕೋಣದ ಹುಡುಗಿಯೊಬ್ಬಳು ಆಯ್ಕೆಯಾದಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಭಜನೆಯಲ್ಲಿ ಮರಾಠಿ. ಆದ್ದರಿಂದ ಮೂರೂ ಪಾರ್ಟಿಯವರು ಅವಳು ನಮ್ಮವಳೆಂದರು. ಅಜ್ಜಿಮನೆ ಅಂಕೋಲೆಯೆಂದು ಅಲ್ಲಿಯವರೂ ಬಾಳೆಗುಳಿ ಕ್ರಾಸಿನಲ್ಲಿ ಬ್ಯಾನರ್ ಕಟ್ಟಿದರು. ಈ ಡಿಸ್ಪ್ಯೂಟು ತೀರುವ ಮೊದಲೇ ಒಬ್ಬ ಜಡ್ಜು ಅವಳ ಹಾಡು ಕೇಳಿ ಗದ್ಗದಿತರಾಗಿ, “ಇದು ಜೋಳದ ರೊಟ್ಟಿ ತಿಂದ ಗಂಟಲು. ಉತ್ತರ ಕರ್ನಾಟಕದ ಗಟ್ಟಿ ದನಿ” ಎಂದರು. ಹುಡುಗಿ ಮೆತ್ತಗೆ, “ಸರ್, ಉತ್ತರ ಕನ್ನಡ” ಎಂದಳು.

“ಹಾಂ, ಅದೇ, ಉತ್ತರ ಕರ್ನಾಟಕ” ಎಂದರು ಅವರು.

ಮರುದಿನ ಮೀನುಪೇಟೆಯಲ್ಲಿ ಬೇರೆ ಮಾತೇ ಇಲ್ಲ. ಬಂಗಡೆ ಮಾರುವ ದೇವಕಿ, “ಹುಟ್ಟಿದಾಗಿಂದ ಗಂಜಿ, ಮೀನ್ಸಾರು ಉಂಡ ಹುಡ್ಗಿಗೆ ರೊಟ್ಟಿ ತಿನ್ಸಿಬಿಟ್ರಲ್ರಾ ಬಾಯೋರೆ” ಎಂದು, ತಿನ್ನಿಸಿದವಳು ನಾನೇ ಎಂಬಂತೆ ಮೀನನ್ನು ಚೀಲಕ್ಕೆ ಒಗೆದಳು. ಜೋಳದ ರೊಟ್ಟಿಯ ಮೇಲೆ ನಮಗೆ ದ್ವೇಷವಿಲ್ಲ. ಹುಬ್ಬಳ್ಳಿಗೆ ಹೋದರೆ ನಾನೇ ಎರಡು ತಿನ್ನುತ್ತೇನೆ. ಆದರೆ ಗಡಿಯ ಕಮಿಟಿಗಳಿಂದ ಆಗದ ಒಗ್ಗಟ್ಟು ಆ ಒಂದು ರೊಟ್ಟಿಯಿಂದ ಆಯಿತೆಂಬುದನ್ನು ಒಪ್ಪಬೇಕು.

ಆ ಶನಿವಾರ ಬಾಗಿಲು ತೆರೆದರೆ ವೈನಿ. ಹೊಸಿಲಿನ ಆಚೆಯೇ ನಿಂತು ಮೊಬೈಲು ಚಾಚಿದಳು. ಅವಳ ಮನೆಯಲ್ಲಿ ಗೋವಾದ ಟವರು ಹಿಡಿಯುತ್ತದಂತೆ, ಕೂತಲ್ಲೇ ಗೋವಾಕ್ಕೆ ವೆಲ್ಕಮ್ ಅನ್ನುತ್ತದಂತೆ, ಹುಡುಗಿಗೆ ಮೆಸೇಜಿನಲ್ಲಿ ಹಾಕುವ ವೋಟು ಹೋಗುವುದಿಲ್ಲವಂತೆ.

“ನಿನ್ನ ಮನೆಗೆ ಬಂದದ್ದಲ್ಲ ಸುಮತಿ. ಸಿಗ್ನಲ್ಲಿಗೆ ಬಂದದ್ದು” ಎಂದಳು.

“ಸಿಗ್ನಲ್ ಒಳಗೆ ಟಿವಿ ಹತ್ರ ಚಲೋ ಉಂಟು ವೈನಿ” ಎಂದೆ. ಹಾಗೇನೂ ಇರಲಿಲ್ಲ. ಇದಕ್ಕೇ ಡಿಪ್ಲೊಮಸಿ ಎನ್ನುವುದು.

ಆಮೇಲೆ ಪ್ರತಿ ಶನಿವಾರ ಅವಳು ಸೇತುವೆ ದಾಟಿ ಬಂದಳು. ಇಂಗ್ಲಿಷಿನಲ್ಲಿ ಹುಡುಗಿಯ ಹೆಸರು ಒತ್ತುವುದು ನಾನು, ಸೆಂಡ್ ಒತ್ತುವುದು ಅವಳು. ಟಿಟಿಟೀ ಎಂದು ಥ್ಯಾಂಕ್ಯೂ ಬಂದ ಮೇಲೆ ಚಹಾ. ಕಾರ್ಡಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಹುಡುಗಿ ಸೋತರೆ ವೈನಿಗೆ ಬರಲು ನೆಪವಿಲ್ಲ ಎಂಬುದು ನನಗೆ ಗೊತ್ತಿತ್ತು. ಹಾಗಾಗಿ ಮನೆದೇವರಿಗೆ ಹೇಳಿಕೊಂಡೆ. ಕಾನ್ವೆಂಟಿನ ಹ್ಯಾಬಿಟ್, ಮದರ್ ಮೇರಿಗೂ ಒಂದು ಮಾತು ಹಾಕಿಟ್ಟೆ.

ಹುಡುಗಿ ಸೆಮಿಫೈನಲ್ಲಿನಲ್ಲಿ ಹೊರಬಿದ್ದಳು. ಆ ಜಡ್ಜು ಕಣ್ಣೊರೆಸಿಕೊಂಡು, ಧಾರವಾಡಕ್ಕೆ ಬಂದಾಗ ಖಂಡಿತ ನಿಮ್ಮ ಮನೆಗೆ ಬರುತ್ತೇನೆ ಎಂದರು.

ಮುಂದಿನ ಶನಿವಾರ ವೈನಿ ಬರಲಿಲ್ಲ. ಸಿಗ್ನಲ್ ಬೇಡದಿದ್ದರೂ ಬಾ ಎಂದು ನಾನೂ ಕರೆಯಲಿಲ್ಲ. ಮೂರು ಭಾಷೆ, ಮೇಲೊಂದು ಇಂಗ್ಲಿಷ್, ಯಾವುದರಲ್ಲಿ ಹೇಳಬೇಕೆಂದು ತಿಳಿಯಲಿಲ್ಲ.

ಅವಳನ್ನು ಕೊನೆಯ ಸಲ ಕಂಡದ್ದು ಸೇತುವೆಯ ಹತ್ತಿರ, ಸದಾಶಿವಗಡದ ಕಡೆ ಹೊರಟ ಬಸ್ಸಿನ ಕಿಟಕಿಯಲ್ಲಿ. ಮೊಬೈಲು ಹಿಡಿದ ಕೈಯನ್ನು ಹೊರಗೆ ಚಾಚಿ ಆಡಿಸುತ್ತಿದ್ದಳು. ಪಾಪ, ಸಿಗ್ನಲ್ ಹುಡುಕುತ್ತಿದ್ದಾಳೆ ಎಂದುಕೊಂಡು ಸುಮ್ಮನೆ ನಿಂತೆ. ವೋಟು ಹಾಕುವುದು ಮುಗಿದು ತಿಂಗಳಾಯಿತಲ್ಲ ಎಂದು ನೆನಪಾಗಿ ನಾನು ಕೈ ಎತ್ತುವಷ್ಟರಲ್ಲಿ ಬಸ್ಸು ಗೋವಾದ ಟವರಿಗೆ ಸೇರಿಹೋಗಿತ್ತು.