ನೆಲದೊಳಗೆ ಇಳಿದ ಬೀಗರು

ಹೆಣ್ಣು ಕೊಟ್ಟವನಿಗೆ ಈ ಲೋಕದಲ್ಲಿ ರಜೆ ಎಂಬುದಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಬೇರೆ ಲೋಕಗಳಲ್ಲಿಯೂ ಇಲ್ಲ ಎಂಬುದು ಈ ಆಷಾಢದಲ್ಲಿ ಗೊತ್ತಾಯಿತು. ಮಾಂತ್ರಿಕರು, ರಾಕ್ಷಸರು, ಬೆಂಕಿ ಉಗುಳುವ ಹಾರುಹಲ್ಲಿಗಳು ತುಂಬಿರುವ, ಕಂಪ್ಯೂಟರಿನೊಳಗಿನ ಒಂದು ರಾಜ್ಯಕ್ಕೆ ಹೋಗಿಯೂ ನಾನು ಬೀಗರ ಮರ್ಯಾದೆಯಲ್ಲಿ ತಪ್ಪಿ ನಡೆದು, ಈಗ ಮಗಳು ನಾಗರಪಂಚಮಿಗೆ ತವರಿಗೆ ಬರುತ್ತಾಳೋ ಇಲ್ಲವೋ ಎಂದು ತಲೆಯ ಮೇಲೆ ಕೈ ಹೊತ್ತು ಕೂತಿದ್ದೇನೆ. ನನ್ನ ಓರಗೆಯವರಿಗೆ ಮಂಡಿನೋವು, ಸಕ್ಕರೆ ಕಾಯಿಲೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದ ಕಷ್ಟಗಳಿವೆ. ನನ್ನ ಕಷ್ಟ ಹೇಳಿಕೊಂಡರೆ ಜನ ಮೊದಲು ನನ್ನ ವಯಸ್ಸು ಕೇಳುತ್ತಾರೆ.

ಬಸವಕಲ್ಯಾಣದಲ್ಲಿ ಕೋಟೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮುಂದೆ ಸ್ಟುಡಿಯೊ, ಹಿಂದೆ ಮನೆ. ಮದುವೆ, ಸೀಮಂತ, ನಿವೃತ್ತಿ, ಸನ್ಮಾನ, ಎಲ್ಲಿ ಯಾರ ಹೆಗಲಿಗೆ ಶಾಲು ಬೀಳುತ್ತದೋ ಅಲ್ಲಿ ನಾನು ಕ್ಯಾಮೆರಾ ಹಿಡಿದು ನಿಂತಿರುತ್ತೇನೆ. ಮಾನ-ಮರ್ಯಾದೆಯ ವಿಷಯದಲ್ಲಿ ನಮ್ಮ ಸೀಮೆಯವರು ಎಷ್ಟು ಸೂಕ್ಷ್ಮ ಎಂಬುದನ್ನು ಪುಸ್ತಕ ಓದಿ ಕಲಿತವನಲ್ಲ. ಒಮ್ಮೆ ಚಿಟಗುಪ್ಪದ ಮದುವೆಯೊಂದರಲ್ಲಿ ವರನ ಸೋದರಮಾವನ ಅರ್ಧ ಹೆಗಲು ಗುಂಪಿನ ಫೋಟೊದ ಆಚೆ ಉಳಿದುಬಿಟ್ಟಿತು. ಆತ ಆ ಮನೆಯ ನೀರು ಕುಡಿಯುವುದನ್ನೇ ಬಿಟ್ಟ. ಕೊನೆಗೆ ಗಂಡು-ಹೆಣ್ಣಿಗೆ ಮತ್ತೆ ಬಾಸಿಂಗ ಕಟ್ಟಿಸಿ, ಎಲ್ಲರನ್ನೂ ನಿಲ್ಲಿಸಿ, ಅವನ ಎರಡೂ ಹೆಗಲು ಬರುವಂತೆ ಇನ್ನೊಂದು ಫೋಟೊ ತೆಗೆದೆ. ಇಂಥದ್ದನ್ನೆಲ್ಲ ಕಂಡುಂಡ ನಾನೇ ಹೀಗೆ ಸಿಕ್ಕಿಬೀಳಬೇಕೆ?

ನನ್ನ ಮಗಳು ಶೈಲಾಳನ್ನು ಹುಮನಾಬಾದಿಗೆ ಕೊಟ್ಟಿದ್ದೇವೆ. ಅವಳ ಮಾವ ವೀರಭದ್ರಪ್ಪನವರದು ಬೀಜ-ಗೊಬ್ಬರದ ಅಂಗಡಿ. ಬಿಳಿ ಟೊಪ್ಪಿಗೆ, ಬಿಳಿ ಮೀಸೆ, ತೂಕದ ಮನುಷ್ಯ. ನಮ್ಮಿಬ್ಬರ ನಡುವೆ ಫೋನಿನಲ್ಲಿ ಆಗುತ್ತಿದ್ದ ಮಾತು ಇಷ್ಟೇ: "ಆರಾಮ್ರಿ?" "ಆರಾಮ್ರಿ. ನೀವು?" "ನಾವೂ ಆರಾಮ್ರಿ." ಆಮೇಲೆ ಇಬ್ಬರೂ ಉಸಿರು ಬಿಡುವುದು ಮಾತ್ರ ಕೇಳುತ್ತಿತ್ತು. ಇದನ್ನು ನೋಡಿ ನೋಡಿ ಬೇಸತ್ತ ಮಗಳು, ಗಂಡನ ಜತೆ ಸೇರಿ ಒಂದು ಉಪಾಯ ಹೂಡಿದಳು. ಆಷಾಢದಲ್ಲಿ ಮದುವೆಗಳಿಲ್ಲ, ಆಲ್ಬಮ್ ಮಾಡಲೆಂದು ತಂದ ನನ್ನ ದೊಡ್ಡ ಕಂಪ್ಯೂಟರು ಸುಮ್ಮನೆ ಕೂತಿತ್ತು. ಅಳಿಯ ಬಂದು ಅದರಲ್ಲಿ ಒಂದು ಆಟ ಹಾಕಿದ. ಅದನ್ನೇ ಅಲ್ಲಿ ತನ್ನ ಲ್ಯಾಪ್‌ಟಾಪಿನಲ್ಲಿ ತನ್ನ ಅಪ್ಪನಿಗೂ ಹಾಕಿಕೊಟ್ಟ, ಆಡುತ್ತಲೇ ಮಾತಾಡಲು ಇಬ್ಬರಿಗೂ ಮೈಕು ಹಚ್ಚಿಕೊಟ್ಟ. "ಇಬ್ರೂ ಕೂಡಿ ಆಡ್ರಿ ಅಪ್ಪಾ, ಮಾತರ ಬೆಳೀತಾವ" ಎಂದಳು ಮಗಳು. ಬೀಗರಿಗೆ ಗದೆ ಹಿಡಿದ ವೀರನ ಪಾತ್ರ. ನನಗೆ ಬಿಲ್ಲುಗಾರನ ಪಾತ್ರ. ಹಿಂದೆ ನಿಂತು ದೂರದಿಂದ ಗುರಿ ಇಡುವವನು, ಇಲ್ಲಿಯೂ ಅದೇ ಕೆಲಸ.

ಈ ಆಟಕ್ಕೆ 'ಅರ್ಲಿ ಆಕ್ಸೆಸ್' ಎನ್ನುತ್ತಾರಂತೆ. ಅಂದರೆ ಆಟ ಇನ್ನೂ ಪೂರ್ತಿ ಆಗಿಲ್ಲ, ಆದರೂ ಮಾರುತ್ತಾರೆ, ನಾವು ಆಡುತ್ತಾ ಇರಬೇಕು, ಅವರು ಕಟ್ಟುತ್ತಾ ಇರುತ್ತಾರೆ. ಹೊರಗಿನವರಿಗೆ ಇದು ವಿಚಿತ್ರ ಕಾಣಬಹುದು, ನನಗೆ ಕಾಣಲಿಲ್ಲ. ಗೋಡೆಗೆ ಗಿಲಾವು ಬಳಿಯುವ ಮೊದಲೇ ವಾಸ್ತುಶಾಂತಿ ಮಾಡಿ ಒಳಗೆ ಬಂದು, ಮಾಳಿಗೆಯ ಮೇಲೆ ಕಬ್ಬಿಣದ ಸರಳುಗಳನ್ನು ಆಕಾಶಕ್ಕೆ ಚಾಚಿಕೊಂಡು ಮೊಮ್ಮಕ್ಕಳ ಕಾಲದವರೆಗೆ ಹಾಗೇ ಇರುವ ಮನೆಗಳು ನಮ್ಮ ಓಣಿಯಲ್ಲಿಯೇ ಬೇಕಾದಷ್ಟಿವೆ. ನಮ್ಮದೂ ಅಂಥದ್ದೇ. ಆದ್ದರಿಂದ ಆ ರಾಜ್ಯದಲ್ಲಿ ಮೆಟ್ಟಿಲುಗಳು ಎಲ್ಲಿಗೂ ಹೋಗದಿದ್ದಾಗ, ಹಳ್ಳಿಯ ಜನ ಗೋಡೆಯೊಳಗೆ ಅರ್ಧ ಸಿಕ್ಕಿಕೊಂಡು "ಸ್ವಾಗತ, ವೀರರೇ" ಎಂದಾಗ, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಡಿಸಿದ್ದು ಬೀಗಸ್ತನ.

ಮೊದಲ ದಿನವೇ ಒಂದು ಗವಿ ಎದುರಾಯಿತು. ಬಾಗಿಲಲ್ಲಿ ನಾನು ನಿಂತುಬಿಟ್ಟೆ. ಬೀಗರನ್ನು ಹಿಂದೆ ಬಿಟ್ಟು ಮೊದಲು ಒಳಗೆ ಹೋಗುವುದುಂಟೆ? "ನಡೀರಿ ಬೀಗ್ರೇ" ಎಂದೆ. "ಛೇ ಛೇ, ನೀವ್ ಮುಂದ ನಡೀರಿ" ಎಂದರು. "ಹಂಗ್ಯಾಂಗ್ ಆಗ್ತದ್ರಿ, ನೀವ್ ದೊಡ್ಡವ್ರು." "ದೊಡ್ಡತನ ಏನ್ ಬಂತ್ರಿ, ನೀವ್ ನಡೀರಿ ಅಂದ್ರ." ಒಳಗಿದ್ದ ರಾಕ್ಷಸನಿಗೆ ನಮ್ಮ ಕಡೆಯ ಪದ್ಧತಿ ಗೊತ್ತಿರಲಿಲ್ಲ. ಹೊರಗೆ ಬಂದು ಇಬ್ಬರನ್ನೂ ಒಂದೇ ಏಟಿಗೆ ಮಲಗಿಸಿದ. ಸತ್ತ ಮೇಲೆ ಆಟ "ಯಾರು ಮೊದಲು ಎದ್ದು ಬರುತ್ತೀರಿ?" ಎಂದು ಕೇಳಿತು. ಅದಕ್ಕೂ ಅಷ್ಟೇ ಹೊತ್ತು ಹಿಡಿಯಿತು.

ಸಿಕ್ಕ ಬಂಗಾರದ ಕವಚವನ್ನೆಲ್ಲ ನಾನು ಬೀಗರಿಗೇ ಕೊಟ್ಟೆ. ವರದಕ್ಷಿಣೆ ಕೇಳದೆ ಮಗಳನ್ನು ತಂದುಕೊಂಡ ದೊಡ್ಡ ಮನಸ್ಸಿನವರು, ಇಷ್ಟಾದರೂ ಬೇಡವೆ? ಅವರೂ ಸಂಕೋಚದವರು, ಒಂದು ಒಳ್ಳೆಯ ಖಡ್ಗ ಸಿಕ್ಕರೆ "ನಿಮಗ ಇರ್ಲಿ" ಎನ್ನುವರು. ನಾನು "ನಿಮಗೇ ಶೋಭಾ" ಎನ್ನುವೆ. ಖಡ್ಗ ಅಲ್ಲೇ ಬಿದ್ದಿರುತ್ತಿತ್ತು, ನಾವು ಮುಂದೆ ಹೋಗಿ ಕಟ್ಟಿಗೆ ಹಿಡಿದು ಬಡಿದಾಡುತ್ತಿದ್ದೆವು. ಆದರೆ ಮಗಳ ಉಪಾಯ ಫಲಿಸಿತು ಎಂದೇ ಹೇಳಬೇಕು. ಮಧ್ಯಾಹ್ನ ಊಟವಾದ ಮೇಲೆ ಅವರೇ ಕರೆಯತೊಡಗಿದರು. ಹಾರುಹಲ್ಲಿಯ ಜತೆ ಯುದ್ಧ ನಡೆದಿರುವಾಗಲೇ ಅಂಗಡಿಗೆ ಗಿರಾಕಿ ಬಂದರೆ "ಯೂರಿಯಾ ನಾಳಿಗಿ ಬರ್ತದ, ಈಗ ಹೋಗು, ನಮ್ಮ ಬೀಗ್ರು ಸಾಯಾಕತ್ತಾರ" ಎನ್ನುವುದು ನನಗೆ ಕೇಳಿಸುತ್ತಿತ್ತು. ನನ್ನ ಜೀವಕ್ಕಾಗಿ ಗಿರಾಕಿಯನ್ನು ವಾಪಸು ಕಳಿಸಿದ ಮನುಷ್ಯ ಆತ. ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು.

ಹಾರುಹಲ್ಲಿ ಸತ್ತಿತು. ಆ ರಾಜ್ಯದ ಅರಸ ನಮ್ಮಿಬ್ಬರನ್ನೂ ದರ್ಬಾರಿಗೆ ಕರೆಸಿದ. ಕಹಳೆ ಊದಿದರು, ಹೂವು ಎರಚಿದರು, ಸಿಂಹಾಸನದ ಪಕ್ಕ ಎರಡು ಕುರ್ಚಿ ಹಾಕಿದ್ದರು. ಒಂದರಲ್ಲಿ ನಾನು ಕೂತೆ. ಇನ್ನೊಂದನ್ನು ಆಟ ಕಟ್ಟುವವರು ಇನ್ನೂ ಗಟ್ಟಿ ಮಾಡಿರಲಿಲ್ಲ. ಬೀಗರು ಕೂತರು, ಕುರ್ಚಿಯೊಳಗಿಂದ ಹಾದು ನೆಲಕ್ಕೆ ಇಳಿದರು, ಸೊಂಟದವರೆಗೆ ಹೋದರು, ಎದೆಯವರೆಗೆ ಹೋದರು, ಕೊನೆಗೆ ಅವರ ಬಂಗಾರದ ಶಿರಸ್ತ್ರಾಣದ ತುದಿಯ ಗರಿ ಮಾತ್ರ ಹಾಸುಗಲ್ಲಿನ ಮೇಲೆ ಅಲ್ಲಾಡುತ್ತಿತ್ತು. ಊಟದ ತಾಟು ಹಿಡಿದ ದಾಸಿಯರು ಅದನ್ನು ತುಳಿದುಕೊಂಡೇ ಓಡಾಡಿದರು. ಅದೇ ಗಳಿಗೆಗೆ ಅರಸ ಬಂದು ನನ್ನ ಹೆಗಲಿಗೆ ಜರಿಯಂಚಿನ ಕೆಂಪು ಶಾಲು ಹೊದಿಸಿದ. ಚಹಾ ತಂದು ನನ್ನ ಬೆನ್ನ ಹಿಂದೆ ನಿಂತಿದ್ದ ಹೆಂಡತಿ ಕಸ್ತೂರಿ, "ಅಯ್ಯ! ಬೀಗ್ರು ನೆಲದಾಗ ಹೋದ್ರಲ್ರೀ!" ಎಂದು ಬಿದ್ದು ಬಿದ್ದು ನಕ್ಕಳು. ಮೈಕು ತೆರೆದಿತ್ತು.

ಆ ಕಡೆಯಿಂದ "ಇರ್ಲಿ ಬಿಡ್ರಿ. ನಿಮ್ ಸನ್ಮಾನ ಮುಗೀಲಿ. ನಾ ಅಂಗಡಿ ನೋಡ್ಕೋತೀನಿ" ಎಂದು ಬೀಗರು ಹೊರಟುಹೋದರು. ಸನ್ಮಾನ ಮುಗಿದ ಮೇಲೆ ಏಳಲು ನೋಡಿದರೆ, ಆ ಕುರ್ಚಿಯಿಂದ ಏಳುವ ಬಟನ್ನೇ ಇರಲಿಲ್ಲ. ಮರುದಿನ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಶ್ರಾವಣ ಹತ್ತಿರ ಬಂತು. ನಮ್ಮ ಕಡೆ ಪಂಚಮಿ ಎಂದರೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದು ಉಂಡಿ ತಿಂದು ಜೋಕಾಲಿ ಆಡಲೇಬೇಕು. ಬೀಗರು ಕಳಿಸದಿದ್ದರೆ ಓಣಿಗೆಲ್ಲ ತಿಳಿಯುತ್ತದೆ, ಏನೋ ಬಿರುಕು ಬಿಟ್ಟಿದೆ ಎಂದು. ಮಗಳಿಗೆ ಫೋನು ಮಾಡಿದರೆ ಅವಳ ದನಿ ಸಣ್ಣದಾಗಿತ್ತು. "ಮಾವ ಏನೂ ಅನ್ನಾಕತ್ತಿಲ್ಲ ಅಪ್ಪಾ. ಪಂಚಮಿ ಮಾತ ತಗದ್ರ 'ನೋಡೋಣಂತ' ಅಂತಾರ. ನಾನರ ಯಾಕ್ ಈ ಆಟ ಹಚ್ಚಿಕೊಟ್ಟೆನೋ." ದೊಡ್ಡವರ ಮಾನದ ಗುದ್ದಾಟದಲ್ಲಿ ನೋಯುವವರು ಹೆಣ್ಣುಮಕ್ಕಳೇ.

ಆಟದ ಕಂಪನಿಯವರಿಗೆ ನನಗೆ ಬರುವ ಇಂಗ್ಲಿಷಿನಲ್ಲಿ ಒಂದು ದೂರು ಕಳಿಸಿದೆ. ಬೀಗರು ಎಂಬುದಕ್ಕೆ ಆ ಭಾಷೆಯಲ್ಲಿ ಶಬ್ದವೇ ಸಿಗಲಿಲ್ಲ. 'ನನ್ನ ಮಗಳ ಗಂಡನ ತಂದೆಗೆ ನಿಮ್ಮ ಆಸ್ಥಾನದಲ್ಲಿ ಕುರ್ಚಿ ಇಲ್ಲ, ನನಗೆ ಎದ್ದು ನಿಲ್ಲಲು ಬಟನ್ ಇಲ್ಲ, ಇದರಿಂದ ನನ್ನ ಮಗಳ ಹಬ್ಬ ಹಾಳಾಗುತ್ತಿದೆ' ಎಂದು ಬರೆದೆ. ಅವರಿಂದ ಉತ್ತರವೂ ಬಂತು. ವಿಷಾದಿಸುತ್ತಾರಂತೆ. ಮಗಳ ಗಂಡನ ತಂದೆ ಎಂಬ ಪಾತ್ರ ಸದ್ಯಕ್ಕೆ ಆಟದಲ್ಲಿ ಇಲ್ಲವಂತೆ, ಮುಂದೆ ಸೇರಿಸುವ ಬಗ್ಗೆ ಯೋಚಿಸುತ್ತಾರಂತೆ. ಸೇರಿಸಬೇಡಿರಪ್ಪಾ, ಇರುವವರೇ ಸಾಕು ಎಂದುಕೊಂಡೆ.

ಕೊನೆಗೆ ಕಸ್ತೂರಿಯೇ ದಾರಿ ತೋರಿಸಿದಳು. "ಒಂದ್ ಛಲೋ ಶಾಲ ತಗೊಂಡ ಹೋಗ್ರಿ. ಅಂಗಡ್ಯಾಗ ನಾಕ್ ಮಂದಿ ಮುಂದ ಹೊದಿಸಿ ಮಾಫ್ ಕೇಳ್ರಿ. ಹಂಗ ಮಗಳನ್ನ ಕರದ ಬರ್ರಿ." ಪಂಚಮಿಗೆ ಕರೆಯುವುದನ್ನು ಮನೆತನಕ ಹೋಗಿಯೇ ಕರೆಯಬೇಕು, ಫೋನಿನಲ್ಲಿ ಕರೆದರೆ ಅದೇ ಇನ್ನೊಂದು ಅವಮಾನ. ಕೆಂಪು ಶಾಲು, ತೆಂಗಿನಕಾಯಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ದಾರಿಯಲ್ಲಿ ರಾಜೇಶ್ವರ ಎಂಬ ಊರು ದಾಟುವವರೆಗೂ ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡಿದೆ.

ಅಂಗಡಿಯಲ್ಲಿ ಬೀಗರು ಗಾದಿಯಿಂದ ಎದ್ದೇ ಬಂದರು. "ಬರ್ರಿ ಬರ್ರಿ. ಕುಂದರ್ರಿ. ಕುರ್ಚಿ ಗಟ್ಟಿ ಅದ ನೋಡ್ರಿ" ಎಂದರು. ಅಲ್ಲಿಗೇ ನನ್ನ ಬಾಯಿಪಾಠ ಮರೆತುಹೋಯಿತು. "ಬೀಗ್ರೇ, ಆ ಕುರ್ಚಿ ನಮ್ಮ ತಪ್ಪಲ್ರಿ, ಆಟ ಇನ್ನೂ ಕಟ್ಟಾಕತ್ತಾರ್ರಿ" ಎಂದೆ.

"ಕುರ್ಚಿ ಮಾತ ಯಾರ್ ಆಡಾಕತ್ತಾರ್ರಿ?" ಎಂದರು ಬೀಗರು. "ನಿಮ್ಮ ಮನಿಯವ್ರು ನಕ್ಕದ್ದಕ್ಕೂ ನನಗ ಸಿಟ್ಟಿಲ್ಲ. ನಾ ನೆಲದಾಗ ಹೋಗಾಕತ್ತೀನಿ, ನೀವು ಕುಂತೇ ಇದ್ರಿ. ಬೀಗ್ರಿಗಿ ಜಾಗಾ ಇಲ್ಲಂದ್ರ ಎದ್ದು ನಿಂದ್ರಬೇಕೋ ಬ್ಯಾಡೋ?"

"ಏಳಾಕ ಬರಂಗಿಲ್ರಿ ಅದ್ರಾಗ! ಏಳೋ ಬಟನ್ನೇ ಮಾಡಿಲ್ರಿ ಅವ್ರು!"

"ಕುಂದ್ರಾಕ ಮಾಡ್ಯಾರ, ಏಳಾಕ ಮಾಡಿಲ್ಲ?"

"ಖರೇ ಹೇಳಾಕತ್ತೇನ್ರಿ, ದೇವರಾಣಿ. ತಗೀರಿ, ತೋರಸ್ತೀನಿ."

ಅಳಿಯನ ಲ್ಯಾಪ್‌ಟಾಪು ಗಾದಿಯ ಮೇಲೆಯೇ ಇತ್ತು. ತೆರೆದರೆ ಆಟ ಏನೋ ಹೊಸದನ್ನು ಇಳಿಸಿಕೊಳ್ಳುತ್ತ ಕೂತಿತು. ನಾವು ಚಹಾ ಕುಡಿದೆವು. ಆಮೇಲೆ ಅದರಲ್ಲಿ ನನ್ನ ಹೆಸರು ಹಾಕಿ, ನನ್ನ ಬಿಲ್ಲುಗಾರನಾಗಿ ದರ್ಬಾರಿಗೆ ಹೋಗಿ ಕುರ್ಚಿಯಲ್ಲಿ ಕೂತೆ. "ಈಗ ನೋಡ್ರಿ, ಏನ್ ಒತ್ತಿದ್ರೂ ಏಳಂಗಿಲ್ಲ" ಎಂದು ಕೈಗೆ ಸಿಕ್ಕ ಒಂದು ಬಟನ್ ಒತ್ತಿದೆ. ನನ್ನ ಬಿಲ್ಲುಗಾರ ಎದ್ದ. ಬರೀ ಏಳಲಿಲ್ಲ, ಎದ್ದು ಸೊಂಟ ಬಗ್ಗಿಸಿ ವಂದಿಸಿದ. ಪಕ್ಕದ ಕುರ್ಚಿಯೂ ಕಲ್ಲಿನಂತೆ ಗಟ್ಟಿಯಾಗಿತ್ತು. ಜೀವಮಾನದಲ್ಲಿ ನಾನು ಕೊಟ್ಟ ದೂರಿಗೆ ಯಾರಾದರೂ ಕಿವಿಗೊಟ್ಟದ್ದು ಅದೇ ಮೊದಲು. ಅದೂ ಇಂಥ ಗಳಿಗೆಯಲ್ಲಿ.

"ಏಳಾಕ ಬಂತಲ್ರಿ" ಎಂದರು ಬೀಗರು. ಈಗಷ್ಟೇ ಹೊಸದಾಗಿ ಮಾಡಿದ್ದಾರೆ ಎಂದರೆ ಯಾರು ನಂಬುತ್ತಾರೆ? ನೆಲ ಬಾಯಿಬಿಡಬಾರದೆ ಎನಿಸಿತು. ಆ ಸೌಕರ್ಯ ಆಟದಲ್ಲಷ್ಟೇ ಇತ್ತು, ಅದನ್ನೂ ಈಗ ತೆಗೆದುಹಾಕಿದ್ದರು. ಬೀಗರು ನನ್ನನ್ನೇ ನೋಡುತ್ತ ಮೆಲ್ಲಗೆ ಕೇಳಿದರು, "ಇರ್ಲಿ. ಅವತ್ತ ಬಟನ್ ಇತ್ತಂತ ತಿಳೀರಿ. ಏಳ್ತಿದ್ರೇನು?"

ಆ ಕಣ್ಣುಗಳ ಮುಂದೆ ಸುಳ್ಳು ಬರಲಿಲ್ಲ. "ಇಲ್ರಿ" ಎಂದೆ.

"ಯಾಕ?"

"ಶಾಲ ಹೊದಿಸಾಕತ್ತಿದ್ರಲ್ರಿ."

ಅಷ್ಟು ಹೇಳಿದ್ದೇ ನನಗೆ ಅಳು ಬಂದಂತಾಯಿತು. ಎಷ್ಟು ಹೆಗಲುಗಳ ಮೇಲೆ ಬಿದ್ದ ಶಾಲುಗಳನ್ನು ನಾನು ಹಿಡಿದಿಟ್ಟಿದ್ದೇನೋ ಲೆಕ್ಕವಿಲ್ಲ. "ಜರಾ ಈ ಕಡೆ ನೋಡ್ರಿ, ನಗ್ರಿ" ಎಂದು ಎಲ್ಲರಿಗೂ ಹೇಳಿದ್ದೇನೆ. ನನ್ನ ಮದುವೆಯಲ್ಲಿ ಬಿಟ್ಟರೆ ನನ್ನ ಹೆಗಲಿಗೆ ಯಾರೂ ಒಂದು ಟವೆಲ್ಲು ಹಾಕಿದವರಿಲ್ಲ. ಬೀಗರು ಸುಮ್ಮನೆ ಎದ್ದರು. ನನ್ನ ಚೀಲಕ್ಕೆ ಕೈ ಹಾಕಿ, ಅವರಿಗಾಗಿ ತಂದಿದ್ದ ಶಾಲನ್ನು ತೆಗೆದು, ಬಿಡಿಸಿ ಕೊಡವಿ, ಗೊಬ್ಬರದ ಚೀಲಗಳ ನಡುವೆ ನನಗೇ ಹೊದಿಸಿದರು. "ಅವತ್ತ ನಿಮ್ಮ ಮಾರಿ ನೋಡಾಕ ಆಗ್ಲಿಲ್ರಿ, ನಾ ನೆಲದಾಗಿದ್ದೆ. ಇವತ್ತ ನೋಡ್ತೀನಿ" ಎಂದರು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ತೇಲಿಕೊಂಡೇ ಬಸ್ಸು ಹತ್ತಿದೆ. ಆ ಶೆಕೆಯಲ್ಲೂ ಶಾಲು ತೆಗೆಯಲಿಲ್ಲ. ಕಂಡಕ್ಟರು "ಎಲ್ಲಿ ಸನ್ಮಾನ ಇತ್ರಿ?" ಎಂದು ಕೇಳಿದ. "ಹುಮನಾಬಾದಿನಾಗ" ಎಂದು ಗಂಭೀರವಾಗಿ ಹೇಳಿದೆ.

ಮನೆಯಲ್ಲಿ ಕಸ್ತೂರಿ ಶೇಂಗಾ ಉಂಡಿ ಕಟ್ಟುತ್ತಿದ್ದಳು, ಪಕ್ಕದಲ್ಲಿ ಜೋಕಾಲಿಯ ಹಗ್ಗ ತೆಗೆದಿಟ್ಟಿದ್ದಳು. ನನ್ನನ್ನು ನೋಡಿದವಳೇ ಕೇಳಿದಳು, "ಶೈಲಾನ್ನ ಯಾವತ್ತ ಕಳಸ್ತಾರಂತ?"

ನಾನು ಕೇಳಿಯೇ ಇರಲಿಲ್ಲ. ಕರೆದೂ ಇರಲಿಲ್ಲ. ಮಗಳ ಹೆಸರು ಕೂಡ ಎತ್ತಿರಲಿಲ್ಲ. ಕಸ್ತೂರಿಯ ಕಣ್ಣು ಅಷ್ಟರಲ್ಲಿ ನನ್ನ ಹೆಗಲಿಗೆ ಹೋಯಿತು. "ಒಯ್ದ ಶಾಲ ಹೊಳ್ಳಿ ಬಂತಾ? ಬೀಗ್ರು ಮುಟ್ಟಲಿಲ್ಲಾ?" ಎಂದವಳ ಕೈಯಲ್ಲಿದ್ದ ಉಂಡಿ ಪುಡಿಯಾಯಿತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿ, "ಅವ್ರಿಗಿ ಹೊದಿಸಾಕ ಒಯ್ದದ್ದ ನೀವ್ ಹೊದ್ಕೊಂಡ್ ಬಂದ್ರಿ. ಹಬ್ಬ ಮೂರ ದಿನಾ ಉಳೀತು. ಅಲ್ಲಿ ನನ್ನ ಮಗಳು ಚೀಲಾ ತುಂಬಿಕೊಂಡ ಹಾದಿ ನೋಡಾಕತ್ತಿರ್ತಾಳ" ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಆಕೆಯ ದನಿ ಒಡೆದಿತ್ತು. ಆಮೇಲೆ ಕಣ್ಣೊರೆಸಿಕೊಂಡು, "ಮದಲ ಅದನ್ನ ತಗೀರಿ. ಸಂಜಿ ಬಸ್ಸಿಗಿ ಹೊಳ್ಳಿ ಹೋಗ್ರಿ" ಎಂದಳು.

"ತೆಗೀತೀನಿ, ಒಂದ್ ನಿಮಿಷ" ಎಂದು ಸ್ಟುಡಿಯೊಗೆ ಬಂದೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿಟ್ಟು, ದೀಪ ಹಾಕಿ, ಟೈಮರ್ ಒತ್ತಿ, ಓಡಿ ಬಂದು ಕುರ್ಚಿಯಲ್ಲಿ ಕೂತೆ. ಒಳಗಿನಿಂದ ಕಸ್ತೂರಿ "ಏಳ್ರೀ, ಬಸ್ಸು ಹೋಗ್ತದ" ಎಂದು ಕೂಗುತ್ತಲೇ ಇದ್ದಳು. ಈ ಕುರ್ಚಿಯಿಂದ ಏಳಲು ಯಾವ ಬಟನ್ನೂ ಬೇಕಿರಲಿಲ್ಲ. ನಾನು ಏಳಲಿಲ್ಲ.