ಫೋನ್ ಇಡದ ಭಾವ

ನಮ್ಮ ಭಾವನವರ ಎದುರಿನಿಂದ ಎದ್ದು ಹೋದವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ! ಹಾಲಿನವನಾಗಲಿ, ಗ್ಯಾಸಿನವನಾಗಲಿ, ಮೀಟರ್ ನೋಡಲು ಬರುವವನಾಗಲಿ, ಹೊಸಿಲು ದಾಟುವಾಗ "ಹೋಗ್ತೀನಿ" ಅಂದರೆ ಮುಗಿಯಿತು. "ಎಲ್ಲಿಗಯ್ಯಾ ಓಗದು? ಬತ್ತೀನಿ ಅನ್ನು!" ಎಂದು ಬಾಯಿಬಿಡಿಸಿಯೇ ಕಳಿಸುತ್ತಾರೆ. ಕಾನ್ವೆಂಟಿನಲ್ಲಿ ಓದಿದ ನನಗೆ ಮದುವೆಯಾದ ಹೊಸದರಲ್ಲಿ ಇದೆಲ್ಲ ಎಲ್ಲಿ ಗೊತ್ತಿತ್ತು? ಮೊದಲ ಸಲ ತವರಿಗೆ ಹೊರಟಾಗ ಹಾಸನದ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಸಭ್ಯವಾಗಿ "ಹೋಗ್ತೀನಿ ಭಾವ" ಅಂದೆ. ನಾನು ತಿದ್ದಿಕೊಳ್ಳುವವರೆಗೂ ಕಂಡಕ್ಟರು ಸೀಟಿ ಊದದಂತೆ ಭಾವ ಅವರ ಕೈ ಹಿಡಿದುಕೊಂಡು ನಿಂತಿದ್ದರು!

ಇಷ್ಟಾಗಿ ಇವರೇನು ಜೋಯಿಸರೇ? ಹೊಳೆನರಸೀಪುರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು! ನನ್ನ ಯಜಮಾನರ ಅಣ್ಣ. ಮದುವೆಯಾಗಲಿಲ್ಲ, ನಮ್ಮ ಜೊತೆಯಲ್ಲೇ ಇದ್ದಾರೆ. ನಮ್ಮ ಮನೆಯಲ್ಲಿ ದೀಪ ಆರುವುದಿಲ್ಲ, ಶಾಂತವಾಗುತ್ತದೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಅಕ್ಕಿ ಮುಗಿಯುವುದಿಲ್ಲ, ತುಂಬುತ್ತದೆ. ಒಂದು ಸಂಜೆ ನಾನು ಭಾವನವರ ಮುಂದೆ ಫೋನಿನಲ್ಲಿ "ಅಕ್ಕಿ ತುಂಬಿದೆ ಕಣ್ರೀ" ಅಂದದ್ದನ್ನು ಕೇಳಿ ನಮ್ಮ ಯಜಮಾನರು ಅಂಗಡಿ ಮುಂದಿನಿಂದ ನೆಮ್ಮದಿಯಾಗಿ ಬರಿಗೈಲಿ ಮನೆಗೆ ಬಂದರು. ಎಲ್ಲರಿಗೂ ಉಪ್ಪಿಟ್ಟು!

ಕೊರೋನಾದ ಎರಡನೇ ಅಲೆಯಲ್ಲಿ ಕಾಲೇಜಿನವರು ಒಂದು ತೀರ್ಮಾನ ಮಾಡಿದರು. ಹುಡುಗರಿಗೂ ಸಿಬ್ಬಂದಿಗೂ ಮನಸ್ಸು ಕುಗ್ಗಿಹೋಗಿದೆ, ಫೋನಿನಲ್ಲಿ ಧೈರ್ಯ ಹೇಳಲು ಒಬ್ಬ ಅಧ್ಯಾಪಕರು ಬೇಕು ಅಂತ. ಆನ್‌ಲೈನ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು "ಯಾರು ಮಾಡ್ತೀರಿ?" ಅಂದಾಗ ಎಲ್ಲರೂ ಮ್ಯೂಟ್! ಭಾವನವರಿಗೆ ಮ್ಯೂಟ್ ಮಾಡಲು ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಅವರು ನನ್ನ ಕೈಲಿದ್ದ ಹಲಸಿನ ಬೀಜದ ಮೊರ ನೋಡಿ, "ತತ್ತಾರಮ್ಮ, ನಾನೇ ಮಾಡ್ತೀನಿ" ಅಂದರು. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿಬಿಟ್ಟರು!

ಈ ಬಾಯಿ ಯಾರಿಗೆ ತಾನೆ ಸಮಾಧಾನ ಹೇಳೀತು? ತರಬೇತಿಯಲ್ಲಿ ಹಾಸನದ ಒಬ್ಬ ಡಾಕ್ಟರಮ್ಮ ತಾಳ್ಮೆಯಿಂದ ಹೇಳಿಕೊಟ್ಟರು: ಬುದ್ಧಿ ಹೇಳಬೇಡಿ, ಗದರಬೇಡಿ, ಕೇಳಿಸಿಕೊಳ್ಳಿ, ಯಾರಾದರೂ ಬದುಕೇ ಬೇಡ ಅನ್ನುವಂತಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ನಮಗೆ ತಿಳಿಸಿ. ಭಾವ ತಲೆಯಾಡಿಸಿದರು. ಮರುದಿನವೇ ಚನ್ನರಾಯಪಟ್ಟಣದಿಂದ ಲ್ಯಾಬ್ ಅಟೆಂಡರ್ ಫೋನು.

"ಸಾ, ವಾಸ್ನೆನೇ ಗೊತ್ತಾಯ್ತಿಲ್ಲ. ನಂಗೂ ಬಂದ್ಬುಡ್ತು ಅನ್ಸುತ್ತೆ ಸಾ."

"ಲೋ, ಅಮೋನಿಯಾ ಬಾಟ್ಲಿಗೆ ಮೂಗಿಕ್ಕಿ ಇಕ್ಕಿ ನಿನ್ ಮೂಗು ಯಾವತ್ತೋ ಶಾಂತವಾಗೈತೆ ಕಣಯ್ಯ! ಇವತ್ ಗೊತ್ತಾಯ್ತಾ? ಓಗಿ ಟೆಸ್ಟ್ ಮಾಡುಸ್ಕೊಂಡು ಬಾ, ನಾನು ಕಾಯ್ತಿರ್ತೀನಿ."

ಟೆಸ್ಟಿನಲ್ಲಿ ಏನೂ ಇರಲಿಲ್ಲ. ಆಮೇಲೆ ಅಟೆಂಡರ್ ದಿನಾ ಫೋನ್ ಮಾಡತೊಡಗಿದ, ಬೈಸಿಕೊಳ್ಳಲು!

ಇನ್ನೊಬ್ಬ ಹುಡುಗ "ಪರೀಕ್ಷೆ ನಡೆಯುತ್ತಾ ಇಲ್ವಾ ಸಾ, ನಿದ್ದೇನೇ ಬರ್ತಿಲ್ಲ" ಅಂದ. "ಓದಿದ್ರೆ ನಡೀಲಿ ಅಂತ ಬೇಡ್ಕೊ, ಓದ್ದಿದ್ರೆ ಬ್ಯಾಡ ಅಂತ ಬೇಡ್ಕೊ. ಎಲ್ಡೂ ಬೇಡ್ಕೊಂಡು ದೇವ್ರಿಗೆ ಯಾಕ್ಲಾ ಟೆನ್ಷನ್ ಕೊಡ್ತೀಯಾ?" ಅಂದರು ಭಾವ. ನಾನು ಬಾಗಿಲ ಸಂದಿಯಿಂದ "ಭಾವ, ಸ್ವಲ್ಪ ಮೆತ್ತಗೆ" ಎಂದು ಸನ್ನೆ ಮಾಡಿ ಮಾಡಿ ಸೋತೆ. ಪ್ರತಿ ಕರೆಯೂ ಮುಗಿಯುತ್ತಿದ್ದದ್ದು ಮಾತ್ರ ಒಂದೇ ಥರ. ಅತ್ತಲಿಂದ "ಇಡ್ತೀನಿ ಸಾ, ಬತ್ತೀನಿ." ಎಲ್ಲರಿಗೂ ರೂಢಿಯಾಗಿಬಿಟ್ಟಿತ್ತು.

ಅರಕಲಗೂಡಿನ ಕಡೆಯ ಒಬ್ಬಳು ಹುಡುಗಿಯಿದ್ದಳು, ಕೊನೆಯ ವರ್ಷದವಳು. ಅವಳ ತಾಯಿ ಕೊರೋನಾದಲ್ಲಿ ತೀರಿಕೊಂಡಿದ್ದರು. ಹಾಸ್ಟೆಲಿನಿಂದ ತಾನೇ ಮನೆಗೆ ಕಾಯಿಲೆ ತಂದೆ ಎಂದು ಅವಳು ನಂಬಿಬಿಟ್ಟಿದ್ದಳು. ಅವಳ ಹತ್ತಿರ ಭಾವ ಗದರುತ್ತಿರಲಿಲ್ಲ, ಬರೀ "ಹ್ಞೂಂ, ಹೇಳವ್ವ" ಅನ್ನುತ್ತಿದ್ದರು.

ಒಂದು ಸಂಜೆ ಊಟದ ಮನೆಯಲ್ಲಿ ಕೂತು ಬೀಜ ಸುಲಿಯುತ್ತಿದ್ದಾಗ ಅವಳ ಫೋನು ಬಂತು. ಸ್ಪೀಕರ್ ಹಾಕಿದ್ದರು. ದನಿ ಎಂದಿಗಿಂತ ಹಗುರವಾಗಿತ್ತು. ನನಗೆ ಸಂತೋಷವೇ ಆಯಿತು, ಹುಡುಗಿ ಚೇತರಿಸಿಕೊಂಡಳಲ್ಲ ಅಂತ. "ಎಲ್ಲಾದಕ್ಕೂ ಥ್ಯಾಂಕ್ಸ್ ಸಾ. ಹೋಗ್ತೀನಿ ಸಾ" ಅಂದಳು.

"ಬತ್ತೀನಿ ಅನ್ನವ್ವ."

ಭಾವ ಫೋನಿನ ಹತ್ತಿರಕ್ಕೆ ಬಾಗಿದರು.

"ಬತ್ತೀನಿ ಅನ್ನು ಮಗಾ."

"ಇಲ್ಲ ಸಾ. ಹೋಗ್ತೀನಿ."

ಹಾಲಿನವನು ನಕ್ಕು ಹೇಳುವ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಭಾವನವರ ಕೈಲಿದ್ದ ಬೀಜ ನೆಲಕ್ಕೆ ಬಿತ್ತು. ಜೇಬಿನಿಂದ ಚಾಕ್‌ಪೀಸ್ ತೆಗೆದು ನೆಲದ ಮೇಲೆ ಬರೆದರು: "ಚಿಕ್ಕಮ್ಮನಿಗೆ ಮಾಡು. ಈಗಲೇ." ಅವಳ ಚಿಕ್ಕಮ್ಮ ಅವಳ ಮನೆಯ ಬೀದಿಯಲ್ಲೇ ಇರುವ ಆಶಾ ಕಾರ್ಯಕರ್ತೆ. ಅವರ ನಂಬರು ನನ್ನ ಮೊಬೈಲಿನಲ್ಲಿತ್ತು, ಏಕೆಂದರೆ ಭಾವನವರ ಫೋನಿಗೆ ಚಾರ್ಜ್ ಇಲ್ಲದ ದಿನಗಳಲ್ಲಿ ಎಲ್ಲರ ಕರೆಯೂ ನನಗೇ ಬರುತ್ತಿತ್ತು. ಹಿತ್ತಲಿಗೆ ಓಡಿ ಫೋನ್ ಮಾಡಿದೆ. ಮಾತು ಪೂರ್ತಿಯಾಗುವ ಮೊದಲೇ ಆಕೆ ಓಡಿದ ಚಪ್ಪಲಿಯ ಸದ್ದು ಕೇಳಿಸಿತು.

ಒಳಗೆ ಬಂದರೆ ಭಾವ ಮಾತಾಡುತ್ತಲೇ ಇದ್ದರು. ಏನು ಮಾತು ಅಂತೀರಿ? ಹಲಸಿನ ಬೀಜ! "ನೋಡವ್ವ, ಫೋನ್ ಇಡಬ್ಯಾಡ. ನಂಗೆ ಬುದ್ಧಿ ಹೇಳಕ್ಕೆ ಬರಾಕಿಲ್ಲ. ಈ ಬೀಜದ ಸಿಪ್ಪೆನೂ ಸುಲಿಯಕ್ಕೆ ಬರಾಕಿಲ್ಲ, ಉಗುರೆಲ್ಲ ಉರಿ. ನಿಮ್ಮೂರ ಕಡೆ ಸುಟ್ಕೊಂಡು ಸುಲೀತಾರಾ, ಬೇಯ್ಸ್ಕೊಂಡಾ? ಹೇಳು. ನೀನು ಹೇಳಗಂಟ ಕಾಯ್ತೀನಿ." ದನಿ ಗಟ್ಟಿಯಾಗಿತ್ತು, ಹಣೆಯ ಬೆವರು ಮಾತ್ರ ಮೊರಕ್ಕೆ ತೊಟ್ಟಿಕ್ಕುತ್ತಿತ್ತು.

ಕಡೆಗೆ ಹುಡುಗಿ ಸಣ್ಣಗೆ, "ಸುಟ್ಕೊಂಡು ಸಾ. ಅವ್ವ ಕೆಂಡದಲ್ಲಿ ಸುಡ್ತಿದ್ಲು" ಅಂದಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು, ಹೆಂಗಸಿನ ಕೂಗು, ಆಮೇಲೆ ಇಬ್ಬರೂ ಒಟ್ಟಿಗೆ ಅಳುವುದು ಕೇಳಿಸಿತು.

"ಸಾ, ನಾನಿವ್ನಿ. ಇವ್ಳ ಜೊತೇಲೇ ಇವ್ನಿ. ತಬ್ಕೊಂಡಿವ್ನಿ ಸಾ" ಅಂದರು ಚಿಕ್ಕಮ್ಮ.

"ಬುಡಬ್ಯಾಡ ಕಣವ್ವ. ಬೆಳಿಗ್ಗೆ ಹಾಸನಕ್ಕೆ ಕರ್ಕೊಂಡು ಬಾ. ಇನ್ಮೇಲೆ ಇದು ಡಾಕ್ಟ್ರು ನೋಡ್ಬೇಕಾದ್ದು, ನನ್ ಕೈಲಿ ಆಗದಲ್ಲ."

ತರಬೇತಿಯ ಆ ಡಾಕ್ಟರಮ್ಮನೇ ನೋಡಿದರು. ಔಷಧಿ, ಮಾತು, ಮತ್ತೆ ಔಷಧಿ. ನಿಧಾನವಾಗಿ ಆಯಿತು. ಕಾಲೇಜು ತೆರೆದ ಮೇಲೆ ಒಂದು ಭಾನುವಾರ ಚಿಕ್ಕಮ್ಮ ಅವಳನ್ನು ನಮ್ಮ ಮನೆಗೆ ಕರೆತಂದರು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಇಸ್ತ್ರಿ ಮಾಡಿದ ಚೂಡಿದಾರ. ಯಾರೋ ಅವಳನ್ನು ದಿನಾ ನೋಡಿಕೊಳ್ಳುತ್ತಿದ್ದಾರೆ ಎಂದು ನನಗೆ ಅದರಿಂದಲೇ ಗೊತ್ತಾಯಿತು. ಭಾವ ಎದುರಿಗೆ ಕೂತರು. ಏನು ಮಾತಾಡಬೇಕೋ ತಿಳಿಯದು. ಕೆಮ್ಮಿದರು. ಫ್ಯಾನ್ ನೋಡಿದರು. ಕಡೆಗೆ, "ನಿಂದು ಅಟೆಂಡೆನ್ಸ್ ಬಾಳ ಕಮ್ಮಿ ಐತೆ ಕಣವ್ವ" ಅಂದರು.

ಹುಡುಗಿ ತಲೆಯೆತ್ತಿ ಅವರನ್ನು ನೋಡಿದಳು. ಆಮೇಲೆ ಅವಳಿಗೆ ನಗು ಬಂದುಬಿಟ್ಟಿತು. ದುಪಟ್ಟಾ ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಚಿಕ್ಕಮ್ಮನೂ ನಕ್ಕರು.

ಭಾವ ಎದ್ದು, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಹತ್ತಿರ ಬಂದರು, ಟವೆಲಿನಿಂದ ಮುಖ ಮುಚ್ಚಿಕೊಂಡು.

"ನಗ್ತಾವ್ಳೆ ಕಣಮ್ಮ," ಅಂದರು ಮೆಲ್ಲಗೆ, ನನಗೆ ಆ ನಗು ಕೇಳಿಸಿಯೇ ಇಲ್ಲವೇನೋ ಅನ್ನುವ ಹಾಗೆ.